ಧಾರಾವಿಯ ನೆಲ ಮತ್ತು ನೆಲದೊಳಗಿನ ಎಣ್ಣೆ: ಮಣ್ಣು, ಅಂತರ್ಜಲಗಳ ಶುದ್ಧೀಕರಣವನ್ನು ಕುರಿತ ಒಂದು ವಿವೇಚನೆ

ಮುಂಬಯಿಯ ನೆಲವನ್ನು ಕುರಿತು ಮಾತನಾಡುವವರು ಬಹುಮಟ್ಟಿಗೆ ಅದರ ಬೆಲೆಯನ್ನು ಕುರಿತೇ ಮಾತನಾಡುತ್ತಾರೆ. ಚದರ ಅಡಿಯೊಂದಕ್ಕೆ ಎಷ್ಟು ರೂಪಾಯಿ ಎಂಬುದು ಎಲ್ಲರ ಬಾಯಲ್ಲಿರುವ ವಿಷಯ. ಆ ಒಂದು ಚದರ ಅಡಿಯನ್ನು ಹತ್ತು ಅಡಿ ಆಳಕ್ಕೆ ಅಗೆದರೆ ಏನು ದೊರಕೀತು ಎಂದು ಕೇಳುವವರು ವಿರಳ. ಧಾರಾವಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳಬೇಕಾದ ಕಾಲವು ಈಗ ಒದಗಿದೆ. ಧಾರಾವಿಯನ್ನು ಹೊಸದಾಗಿ ಕಟ್ಟಬೇಕೆಂಬ ಯೋಜನೆಗೆ ಮಹಾರಾಷ್ಟ್ರ ಸರಕಾರವು 2004ರಲ್ಲಿ ಚಾಲನೆ ನೀಡಿತು. ಅನೇಕ ವಿಘ್ನಗಳ ತರುವಾಯ 2022ರ ನವೆಂಬರಿನಲ್ಲಿ ಅದಾನಿ ಸಮೂಹದ ಟೆಂಡರು ಎಲ್ಲಕ್ಕಿಂತ ಮೇಲಾಗಿ ನಿಂತಿತು. 2025ರ ಮೇ ತಿಂಗಳಿನಲ್ಲಿ ಸಮಗ್ರ ನಕ್ಷೆಗೆ ಸರಕಾರದ ಒಪ್ಪಿಗೆಯೂ ದೊರೆಯಿತು. ಎತ್ತರವಾದ ಕಟ್ಟಡಗಳಿಗೆ ಆಳವಾದ ಅಡಿಪಾಯ ಬೇಕು. ಒಂದು ಶತಮಾನಕ್ಕೂ ಮೇಲ್ಪಟ್ಟು ಮುಚ್ಚಿಕೊಂಡಿದ್ದ ನೆಲವನ್ನು ತೆರೆಯದೆ ಅಂಥ ಅಡಿಪಾಯವನ್ನು ಹಾಕಲಾಗದು.

ಆ ನೆಲದೊಳಗೆ ಎಣ್ಣೆ, ಇಂಧನ ಮತ್ತು ರಾಸಾಯನಿಕಗಳು ಸೇರಿಕೊಂಡಿದ್ದರೆ ಅವು ಅಲ್ಲಿ ಹೇಗೆ ವರ್ತಿಸುತ್ತವೆ, ಅವನ್ನು ತೆಗೆಯುವ ಬಗೆ ಯಾವುದು, ತೆಗೆಯುವುದಕ್ಕೆ ಮೊದಲು ತಿಳಿಯಬೇಕಾದುದು ಏನು ಎಂಬುದನ್ನು ಸಾಮಾನ್ಯ ವಾಚಕರಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ಮಾಹಿಮಿನಲ್ಲಿಯೋ ಮಾಟುಂಗದಲ್ಲಿಯೋ ನಡೆಯುವ ನಮ್ಮ ಸಭೆಗಳಿಗೆ ಬರುವವರಲ್ಲಿ ಅನೇಕರು ಧಾರಾವಿಯ ಅಂಚಿನಲ್ಲಿಯೇ ಹಾದು ಬರುವವರು. ಉತ್ತರ ಕರ್ನಾಟಕದಿಂದ ಬಂದು ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಇವೆ. ಆದುದರಿಂದ ಇದು ಪರಸ್ಥಳದ ವಿಷಯವೆಂದು ನಾವು ಬದಿಗಿರಿಸುವಂತಿಲ್ಲ.

ನೆಲವು ನೆಲವಾದ ಬಗೆ

ಧಾರಾವಿಯು ಮೂಲತಃ ಕೋಳಿ ಜನರ ಮೀನುಗಾರಿಕೆಯ ಹಳ್ಳಿ. ಮಾಹಿಮ್ ಖಾರಿಯ ನೀರು ಆಗ ಹಳ್ಳಿಯ ಬಾಗಿಲವರೆಗೂ ಬರುತ್ತಿತ್ತು. ಇಂದಿಗೂ ಅಲ್ಲಿ ನಿಂತಿರುವ ರಿವಾ ಕೋಟೆ, ಅಂದರೆ ಜನರು ಕಾಳಾ ಕಿಲ್ಲಾ ಎಂದು ಕರೆಯುವ ಕಟ್ಟಡವು ಇದಕ್ಕೆ ಸಾಕ್ಷಿ. ಗವರ್ನರ್ ಜಾನ್ ಹಾರ್ನನ ಅಪ್ಪಣೆಯಂತೆ 1737ರಲ್ಲಿ ಕಟ್ಟಿದುದೆಂದು ಅದರ ಗೋಡೆಯ ಮೇಲಿನ ಶಾಸನವು ಹೇಳುತ್ತದೆ. ನೀರಿನ ದಾರಿಯನ್ನು ಕಾಯುವುದಕ್ಕೆಂದು ಕಟ್ಟಿದ ಕೋಟೆಯನ್ನು ಈಗ ಮನೆಗಳು ಸುತ್ತುವರಿದಿವೆ. ನಡುವಣ ಕಾಲದಲ್ಲಿ ಕಾಂಡ್ಲಾ ಪೊದೆಗಳ ಜೌಗು ನೆಲವನ್ನು ಜನರು ಸ್ವಲ್ಪ ಸ್ವಲ್ಪವಾಗಿ ತುಂಬುತ್ತ ಬಂದರು. ತುಂಬಿದ್ದು ಮಣ್ಣು ಮಾತ್ರವಲ್ಲ. ಇಟ್ಟಿಗೆಯ ಚೂರು, ಬೂದಿ, ಕಸ, ಚರ್ಮದ ತುಣುಕು, ಕೈಗೆ ಸಿಕ್ಕಿದುದೆಲ್ಲವೂ ತುಂಬಲು ಒದಗಿತು. ಹೀಗೆ ಧಾರಾವಿಯ ಮೇಲ್ಪದರವು ಮನುಷ್ಯನು ಮಾಡಿದ ನೆಲ. ಅದರ ಕೆಳಗೆ ಖಾರಿಯ ಕಪ್ಪು ಜೇಡಿ. ಜೇಡಿಯ ಕೆಳಗೆ ಮುಂಬಯಿಯ ತಳಹದಿಯಾದ ಜ್ವಾಲಾಮುಖಿ ಶಿಲೆ. ನೀರು ಮೇಲ್ಪದರದಲ್ಲಿಯೇ, ಬಹಳ ಆಳವಿಲ್ಲದೆ ನಿಂತಿರುತ್ತದೆ, ಮತ್ತು ಖಾರಿಯ ಸಮೀಪದಲ್ಲಿ ಭರತ ಇಳಿತಗಳೊಡನೆ ತಾನೂ ಏರಿಳಿಯುತ್ತದೆ.

ಈ ನೆಲದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಚರ್ಮ ಹದಮಾಡುವ ಉದ್ಯಮವು ಬಂದಿತು. ತಮಿಳುನಾಡಿನ ಕಡೆಯ ಕುಶಲಕರ್ಮಿಗಳು ಅದನ್ನು ಬೆಳೆಸಿದರು. ಸೌರಾಷ್ಟ್ರದ ಕುಂಬಾರರು ಬಂದು ಕುಂಭಾರವಾಡೆಯನ್ನು ಕಟ್ಟಿದರು. ಹದಮಾಡುವ ಕೆಲಸವು ಅಲ್ಲಿಂದ ಬಹುಮಟ್ಟಿಗೆ ಹೊರಟುಹೋಗಿದೆ, ಚರ್ಮದ ವಸ್ತುಗಳನ್ನು ಹೊಲಿಯುವ ಕೆಲಸ ಉಳಿದಿದೆ. ತೇರಾ ಕಂಪೌಂಡ್ ಎಂಬ ಭಾಗದಲ್ಲಿ ನಗರವು ಎಸೆದುದನ್ನು ಮತ್ತೆ ಬಳಕೆಗೆ ತರುವ ಉದ್ಯಮವು ನೆಲೆಗೊಂಡಿತು. ಅಡಿಗೆ ಎಣ್ಣೆಯ ಡಬ್ಬಿ, ಬಣ್ಣದ ಡಬ್ಬಿ, ಕಾರಖಾನೆಗಳ ಪೀಪಾಯಿ, ಪ್ಲಾಸ್ಟಿಕ್ ಡ್ರಮ್ಮು ಇವೆಲ್ಲ ಅಲ್ಲಿಗೆ ಬರುತ್ತವೆ. ಅವುಗಳ ಒಳಗಿನ ಉಳಿಕೆಯನ್ನು ಕೆರೆದು, ಸುಟ್ಟು, ಬಿಸಿನೀರಿನಲ್ಲಿ ತೊಳೆದು, ತಟ್ಟಿ ಸರಿಮಾಡಿ ಮತ್ತೆ ಪೇಟೆಗೆ ಕಳುಹಿಸುತ್ತಾರೆ. ಈ ದುಡಿಮೆಯಿಂದ ಮುಂಬಯಿಗೆ ಆಗಿರುವ ಉಪಕಾರವು ಸಣ್ಣದಲ್ಲ. ಆದರೆ ಒಂದೊಂದು ಡಬ್ಬಿಯಲ್ಲಿಯೂ ಒಂದಿಷ್ಟು ಉಳಿಕೆಯಿರುತ್ತದೆ. ತೊಳೆದ ನೀರು ಎಲ್ಲಿಗೋ ಹೋಗಲೇಬೇಕು. ಕಾಲುವೆಗೆ ಹೋಗದುದು ನೆಲಕ್ಕೆ ಇಂಗುತ್ತದೆ.

ಕೊಳವೆಯ ಸೋರಿಕೆ, ಡಬ್ಬಿಯ ಸೋರಿಕೆ

ನೆಲಕ್ಕೆ ಇಂಧನವು ಸೇರುವ ರೀತಿಗಳು ಎರಡು. ಮೊದಲನೆಯದು ಕೊಳವೆಯೋ ದೊಡ್ಡ ತೊಟ್ಟಿಯೋ ಒಡೆದು ಹೆಚ್ಚಿನ ಪ್ರಮಾಣದಲ್ಲಿ ಸೋರುವುದು. ನಮ್ಮ ದೇಶದಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆ ಚೆನ್ನೈ ನಗರದ ಉತ್ತರಭಾಗದ ತಂಡಯಾರ್‌ಪೇಟೆ. 2013ರಲ್ಲಿ ಅಲ್ಲಿನ ಮನೆಗಳ ಕೊಳವೆಬಾವಿಗಳಿಂದ ಪೆಟ್ರೋಲಿಯಂ ವಾಸನೆಯ ನೀರು ಬರತೊಡಗಿತು. ಬಂದರಿನಿಂದ ಭಾರತ್ ಪೆಟ್ರೋಲಿಯಂ ಸಂಸ್ಥೆಯ ದಾಸ್ತಾನಿಗೆ ಇಂಧನವನ್ನು ಒಯ್ಯುತ್ತಿದ್ದ ನೆಲದಡಿಯ ಕೊಳವೆಯು ಸೋರಿದುದೇ ಕಾರಣವೆಂದು ತಿಳಿದುಬಂದಿತು. ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಸೋರಿದುದು ತಿಳಿಯುವುದಕ್ಕೆ ಕೊಳಾಯಿಯ ಕೆಳಗೆ ಹಿಡಿದ ಒಂದು ತಂಬಿಗೆ ನೀರು ಸಾಕಾಯಿತು. ಸೋರಿದುದನ್ನು ತೆಗೆಯುವುದಕ್ಕಾದರೋ ವರ್ಷಗಟ್ಟಲೆ ಶ್ರಮಿಸಬೇಕಾಯಿತು.

ಎರಡನೆಯದು ಹನಿಹನಿಯಾಗಿ, ದಶಕಗಳ ಕಾಲ, ನೂರಾರು ಬಾಗಿಲುಗಳಿಂದ ಸೇರುವುದು. ಧಾರಾವಿಯದು ಈ ಎರಡನೆಯ ಬಗೆ. ಕೊಳವೆ ಒಡೆದರೆ ದಿನಾಂಕವಿರುತ್ತದೆ, ಒಡೆದ ಸ್ಥಳವಿರುತ್ತದೆ, ಹೊಣೆ ಹೊರಬೇಕಾದವರ ಹೆಸರಿರುತ್ತದೆ. ಹನಿಹನಿಯಾಗಿ ಸೇರಿದುದಕ್ಕೆ ಇವು ಯಾವುವೂ ಇರುವುದಿಲ್ಲ. ಆದರೆ ಒಮ್ಮೆ ನೆಲವನ್ನು ಸೇರಿದ ಮೇಲೆ ಎಣ್ಣೆಯು ತಾನು ಯಾವ ದಾರಿಯಿಂದ ಬಂದೆನೆಂಬುದನ್ನು ಲೆಕ್ಕಿಸದು. ಆದುದರಿಂದ ಕೊಳವೆಯ ಸೋರಿಕೆಗಳಿಂದ ವಿಜ್ಞಾನವು ಕಲಿತ ಪಾಠಗಳು ಧಾರಾವಿಗೂ ಅನ್ವಯಿಸುತ್ತವೆ.

ನೆಲದೊಳಗೆ ಎಣ್ಣೆಯ ನಾಲ್ಕು ರೂಪಗಳು

ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ನಾವೆಲ್ಲ ದಿನವೂ ಕಾಣುತ್ತೇವೆ. ನೆಲದೊಳಗೂ ನಡೆಯುವುದು ಅದೇ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗಿದರೆ ಪೆಟ್ರೋಲು ಸುಮಾರು 740 ಗ್ರಾಂ, ಡೀಸೆಲು ಸುಮಾರು 830 ಗ್ರಾಂ ತೂಗುತ್ತವೆ. ಚೆಲ್ಲಿದ ಇಂಧನವು ಮಣ್ಣಿನ ಸಂದುಗಳಲ್ಲಿ ಕೆಳಗಿಳಿದು ಅಂತರ್ಜಲದ ಮಟ್ಟವನ್ನು ಮುಟ್ಟಿದೊಡನೆ ನಿಂತು, ಅದರ ಮೇಲೆ ಪದರವಾಗಿ ಹರಡುತ್ತದೆ. ಇದು ಮೊದಲನೆಯ ರೂಪ. ಇದನ್ನು ತೇಲೆಣ್ಣೆ ಎಂದು ಕರೆಯಬಹುದು.

ಕೆಳಗಿಳಿಯುವ ದಾರಿಯಲ್ಲಿ ಎಣ್ಣೆಯ ಒಂದು ಭಾಗವು ಮಣ್ಣಿನ ಕಣಗಳಿಗೆ ಅಂಟಿ ಉಳಿಯುತ್ತದೆ. ಎಣ್ಣೆ ತುಂಬಿದ್ದ ಪಾತ್ರೆಯನ್ನು ಬರಿದುಮಾಡಿ ತಣ್ಣೀರಿನಲ್ಲಿ ಎಷ್ಟು ತೊಳೆದರೂ ಜಿಡ್ಡು ಹೋಗದಿರುವಂತೆ, ಈ ಅಂಟೆಣ್ಣೆಯು ಬರಿಯ ನೀರಿನಿಂದ ಹೋಗುವುದಿಲ್ಲ. ಇದು ಎರಡನೆಯ ರೂಪ. ಮೂರನೆಯದು ನೀರಿನಲ್ಲಿ ಕರಗಿದ ಭಾಗ. ಎಣ್ಣೆಯೂ ನೀರೂ ಬೆರೆಯುವುದಿಲ್ಲವೆಂಬ ಲೋಕೋಕ್ತಿಯು ಪೂರ್ಣ ಸತ್ಯವಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲ್ವೀನ್ ಮೊದಲಾದ ಲಘುದ್ರವ್ಯಗಳು ಸ್ವಲ್ಪಮಟ್ಟಿಗೆ ಕರಗುತ್ತವೆ. ಈ ಸ್ವಲ್ಪವೇ ಅಪಾಯಕ್ಕೆ ಸಾಕು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ದ್ರವ್ಯವೆಂಬುದು ಸಿದ್ಧಪಟ್ಟಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ನಮ್ಮಲ್ಲಿ ಈಗ ಮಾರುವ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ ಒಂದು ಭಾಗವನ್ನು ಮೀರುವಂತಿಲ್ಲ. ಆದರೂ ಅಂಥ ಪೆಟ್ರೋಲನ್ನು ನೇರವಾಗಿ ಮುಟ್ಟಿಕೊಂಡಿರುವ ನೀರಿನಲ್ಲಿ ಬೆಂಜೀನಿನ ಪ್ರಮಾಣವು ಮೇಲೆ ಹೇಳಿದ ಮಿತಿಯ ಸಾವಿರ ಪಟ್ಟಿಗೂ ಏರಬಲ್ಲುದು. ಕರಗಿದ ಈ ಭಾಗವು ಅಂತರ್ಜಲದ ಹರಿವಿನೊಡನೆ ನೆರೆಯವರ ನೆಲಕ್ಕೂ ನಡೆದುಹೋಗುತ್ತದೆ.

ನಾಲ್ಕನೆಯದು ಆವಿಯ ರೂಪ. ಲಘುದ್ರವ್ಯಗಳು ಮಣ್ಣಿನ ಸಂದುಗಳಲ್ಲಿ ಆವಿಯಾಗಿ ಮೇಲೇರಿ, ನೆಲದ ಬಿರುಕುಗಳ ಮೂಲಕ ಮನೆಯೊಳಗೆ ಬರುತ್ತವೆ. ಬಾವಿಯ ನೀರನ್ನು ಕುಡಿಯದವರಿಗೂ ಈ ದಾರಿಯಿಂದ ಬಾಧೆ ತಪ್ಪಿದುದಲ್ಲ. ಗಾಳಿಯಾಡದ ಚಿಕ್ಕ ಕೋಣೆಗಳಲ್ಲಿಯೂ ಮುಂದೆ ಕಟ್ಟಲಾಗುವ ನೆಲಮಾಳಿಗೆಗಳಲ್ಲಿಯೂ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಶುದ್ಧೀಕರಣದ ಕ್ರಮ

ಈ ನಾಲ್ಕು ರೂಪಗಳನ್ನು ಅರಿತವರಿಗೆ ಒಂದೇ ಉಪಾಯದಿಂದ ನಾಲ್ಕೂ ಹೋಗವೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊತ್ತಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಇದು ಹೇಳಬೇಕಾದ ಮಾತೇ ಅಲ್ಲವೆನಿಸಬಹುದು. ಆದರೆ ಒಂದು ಕಡೆ ಹರಿಯುತ್ತಿರುವಾಗಲೇ ಇನ್ನೊಂದು ಕಡೆ ಒರೆಸಿದ ನಿದರ್ಶನಗಳು ಕಡಿಮೆಯಿಲ್ಲ. ತರುವಾಯ ನೆಲವನ್ನು ಅರಿಯಬೇಕು. ಅಲ್ಲಲ್ಲಿ ಸಣ್ಣ ಕೊಳವೆಗಳನ್ನು ಇಳಿಸಿ ಮಣ್ಣು, ನೀರು, ಆವಿಗಳ ಮಾದರಿಗಳನ್ನು ಬೇರೆ ಬೇರೆ ಆಳಗಳಲ್ಲಿ ತೆಗೆದು ಪರೀಕ್ಷಿಸಬೇಕು. ನೀರು ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ಗುರುತಿಸಬೇಕು. ಈ ಪರೀಕ್ಷಾಬಾವಿಗಳು ಒಂದು ದಿನದ ಕೆಲಸವಲ್ಲ, ಮಳೆಗಾಲ ಬೇಸಗೆಗಳೆರಡರಲ್ಲಿಯೂ ಅವನ್ನು ನೋಡುತ್ತಿರಬೇಕು.

ತೇಲೆಣ್ಣೆಯನ್ನು ಬಾವಿಗಳ ಮೂಲಕ ಕೆನೆ ತೆಗೆದಂತೆ ಮೇಲಿನಿಂದ ಎತ್ತಬಹುದು. ನೀರು, ಎಣ್ಣೆ, ಆವಿ ಮೂರನ್ನೂ ಒಂದೇ ನಿರ್ವಾತ ಯಂತ್ರದಿಂದ ಹೀರಿ, ಮೇಲೆ ತಂದ ಮೇಲೆ ಬೇರ್ಪಡಿಸುವ ಪದ್ಧತಿಯೂ ಇದೆ. ಜಲಮಟ್ಟಕ್ಕಿಂತ ಮೇಲಿನ ಒಣಮಣ್ಣಿನಲ್ಲಿರುವ ಲಘುದ್ರವ್ಯಗಳನ್ನು ಗಾಳಿಯೆಳೆದು ತೆಗೆದು ಇದ್ದಲಿನ ಮೂಲಕ ಹಾಯಿಸುತ್ತಾರೆ. ಜಲಮಟ್ಟದ ಕೆಳಗೆ ಗಾಳಿಯನ್ನು ಊದಿದರೆ ಕರಗಿದ ಭಾಗವು ಆವಿಯಾಗಿ ಮೇಲೇರುತ್ತದೆ. ನೀರನ್ನು ಎತ್ತಿ ಶುದ್ಧಗೊಳಿಸುವ ಕ್ರಮವು ಎಲ್ಲಕ್ಕಿಂತ ಹಳೆಯದು. ಆದರೆ ಅಂಟೆಣ್ಣೆಯು ಉಳಿದಿರುವವರೆಗೆ ಅದು ಮತ್ತೆ ಮತ್ತೆ ಕರಗಿ ನೀರನ್ನು ಕೆಡಿಸುತ್ತಲೇ ಇರುವುದರಿಂದ, ಈ ಒಂದು ಕ್ರಮವನ್ನೇ ನಂಬಿದವರು ಯಂತ್ರವನ್ನು ನಿಲ್ಲಿಸಿದ ಕೆಲವು ಕಾಲದಲ್ಲಿಯೇ ಮೊದಲಿನ ಸ್ಥಿತಿಯನ್ನು ಕಂಡುದುಂಟು.

ಗಾಳಿ ನೀರುಗಳು ಸುಲಭವಾಗಿ ಸಂಚರಿಸದ ಜೇಡಿಯಲ್ಲಿ ಈ ಉಪಾಯಗಳು ಸೋಲುತ್ತವೆ. ಅಲ್ಲಿ ಕೆಟ್ಟ ಮಣ್ಣನ್ನು ಅಗೆದು ತೆಗೆಯಬೇಕಾಗುತ್ತದೆ. ತೆಗೆದ ಮಣ್ಣನ್ನು ಕಾಯಿಸಿ ಎಣ್ಣೆಯನ್ನು ಬಿಡಿಸಬಹುದು. ಇಲ್ಲವೆ ಸೋರದ ತಳದ ಮೇಲೆ ರಾಶಿಹಾಕಿ, ಗಾಳಿ, ತೇವ, ಸಾರಜನಕ ಮತ್ತು ರಂಜಕಗಳನ್ನು ಒದಗಿಸಿ, ಸೂಕ್ಷ್ಮಜೀವಿಗಳ ಕೈಗೆ ಒಪ್ಪಿಸಬಹುದು.

ಎಣ್ಣೆಯನ್ನು ತಿನ್ನುವ ಜೀವಿಗಳು

ಎಣ್ಣೆಯು ಪುರಾತನ ಕಾಲದ ಜೀವಿಗಳಿಂದಲೇ ಆದ ವಸ್ತು. ಅದನ್ನು ಆಹಾರವಾಗಿ ಬಳಸಬಲ್ಲ ಬ್ಯಾಕ್ಟೀರಿಯಾಗಳು ಬಹುತೇಕ ಎಲ್ಲ ಮಣ್ಣಿನಲ್ಲಿಯೂ ಇವೆ. ನಮ್ಮ ದೇಶದಲ್ಲಿ ದಿಲ್ಲಿಯ ಟೇರಿ ಸಂಸ್ಥೆಯು ಇಂಥ ಹಲವು ಬ್ಯಾಕ್ಟೀರಿಯಾಗಳನ್ನು ಆಯ್ದು, ಒಟ್ಟುಗೂಡಿಸಿ, ಆಯಿಲ್‌ಜ್ಯಾಪರ್ ಎಂಬ ಹೆಸರಿನಿಂದ ಸಿದ್ಧಪಡಿಸಿತು. ಅಸ್ಸಾಮ್ ಮತ್ತು ಗುಜರಾತಿನ ತೈಲಪ್ರದೇಶಗಳಲ್ಲಿ ಅದನ್ನು ಉಪಯೋಗಿಸಲಾಗಿದೆ.

ಈ ಜೀವಿಗಳ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದನ್ನು ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಬೆಮಿಜಿ ಎಂಬ ಊರಿನ ಹತ್ತಿರದ ಒಂದು ಸ್ಥಳವು ತಿಳಿಸಿಕೊಟ್ಟಿದೆ. 1979ರ ಆಗಸ್ಟ್ 20ರಂದು ಅಲ್ಲಿ ಕಚ್ಚಾತೈಲದ ಕೊಳವೆಯೊಡೆದು ಸುಮಾರು 17 ಲಕ್ಷ ಲೀಟರು ಎಣ್ಣೆ ಚೆಲ್ಲಿತು. ಪಂಪಿನಿಂದ ಎತ್ತಿ, ಸುಟ್ಟು, ಮಣ್ಣನ್ನು ಅಗೆದು ತೆಗೆದ ಮೇಲೆಯೂ ಸುಮಾರು 4 ಲಕ್ಷ ಲೀಟರು ನೆಲದೊಳಗೆ ಉಳಿಯಿತು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು 1983ರಿಂದ ಆ ಸ್ಥಳವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿತು. ಕರಗಿದ ಎಣ್ಣೆಯು ಅಂತರ್ಜಲದಷ್ಟು ವೇಗವಾಗಿ ಮುಂದುವರಿಯುವುದಿಲ್ಲ, ದಾರಿಯಲ್ಲಿಯೇ ಸೂಕ್ಷ್ಮಜೀವಿಗಳು ಅದನ್ನು ತಿಂದು ತಡೆಯುತ್ತವೆ ಎಂಬುದು ಅಲ್ಲಿ ಗೊತ್ತಾಯಿತು. ಆಮ್ಲಜನಕವಿದ್ದಲ್ಲಿ ಈ ಕೆಲಸವು ಬೇಗನೆ ನಡೆಯುತ್ತದೆ. ಅದು ಮುಗಿದಲ್ಲಿ ಜೀವಿಗಳು ಮಣ್ಣಿನಲ್ಲಿರುವ ಕಬ್ಬಿಣ ಮೊದಲಾದವುಗಳ ಸಹಾಯದಿಂದ ನಿಧಾನವಾಗಿ ಮುಂದುವರಿಯುತ್ತವೆ, ಕೊನೆಗೆ ಮೀಥೇನ್ ಅನಿಲವು ಹುಟ್ಟುತ್ತದೆ. ಆದರೆ ಎರಡು ಎಚ್ಚರಿಕೆಗಳೂ ಅಲ್ಲಿಂದಲೇ ಬಂದವು. ನಾಲ್ಕು ದಶಕಗಳ ಮೇಲೆಯೂ ಎಣ್ಣೆ ಪೂರ್ತಿಯಾಗಿ ಹೋಗಿಲ್ಲ. ಅಲ್ಲದೆ, ಜೀವಿಗಳು ಕಬ್ಬಿಣವನ್ನು ಕರಗಿಸುವಾಗ ಅದಕ್ಕೆ ಅಂಟಿಕೊಂಡಿದ್ದ ನೈಸರ್ಗಿಕ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ಪ್ರಕೃತಿಯೇ ಶುದ್ಧಮಾಡುತ್ತದೆಂಬ ಮಾತು ನಿಜ. ಆದರೆ ಅದನ್ನು ಹೇಳುವ ಹಕ್ಕು ವರ್ಷವರ್ಷವೂ ಅಳೆಯುವವರಿಗೆ ಮಾತ್ರ ಉಂಟು.

ಧಾರಾವಿಯ ವಿಶೇಷ ತೊಡಕುಗಳು

ಬೆಮಿಜಿಯದು ಮರಳುನೆಲ, ಸುತ್ತಮುತ್ತ ಜನವಸತಿ ವಿರಳ, ಚೆಲ್ಲಿದುದು ಒಂದೇ ದ್ರವ್ಯ. ಧಾರಾವಿಯಲ್ಲಿ ಇವು ಮೂರೂ ತಲೆಕೆಳಗಾಗಿವೆ. ಎರಡೂವರೆ ಚದರ ಕಿಲೋಮೀಟರಿನೊಳಗೆ ಲಕ್ಷಾಂತರ ಜನರು ವಾಸಿಸುತ್ತಿರುವಾಗ ಪರೀಕ್ಷಾಬಾವಿಯನ್ನು ಇಳಿಸುವುದಕ್ಕೂ ಜಾಗ ಹುಡುಕಬೇಕು. ಖಾರಿಯ ಭರತ ಇಳಿತಗಳಿಂದ ಜಲಮಟ್ಟವು ಏರಿಳಿಯುವಾಗ ತೇಲೆಣ್ಣೆಯೂ ಏರಿಳಿದು, ಗೋಡೆಗೆ ಬಳಿದ ಬಣ್ಣದಂತೆ ದಪ್ಪವಾದ ಪದರಕ್ಕೆ ಮೆತ್ತಿಕೊಳ್ಳುತ್ತದೆ; ಹೀಗೆ ತೇಲೆಣ್ಣೆಯು ಅಂಟೆಣ್ಣೆಯಾಗುತ್ತದೆ. ಮತ್ತೆ, 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ಮೀಠೀ ನದಿಯು ಉಕ್ಕಿದಂಥ ಸಂದರ್ಭಗಳಲ್ಲಿ ಒಂದು ಅಂಗಳದ ಜಿಡ್ಡು ಇನ್ನೊಂದು ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಒಂದು ಅನುಕೂಲವೂ ಇದೆ. ಸಮುದ್ರದ ನೀರಿನಲ್ಲಿ ಗಂಧಕದ ಲವಣಗಳು ಹೇರಳ. ಆಮ್ಲಜನಕವಿಲ್ಲದಲ್ಲಿ ಅವನ್ನು ಬಳಸಿಕೊಂಡು ಎಣ್ಣೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಖಾರಿಯ ಕೆಸರಿನಲ್ಲಿ ಸಹಜವಾಗಿಯೇ ಇರುತ್ತವೆ.

ಹೆಚ್ಚಿನ ತೊಡಕೆಂದರೆ ಬೆರಕೆ. ಚರ್ಮ ಹದಮಾಡುವಲ್ಲಿ ಕ್ರೋಮಿಯಂ ಲವಣಗಳನ್ನು ಬಳಸುವುದು ವಾಡಿಕೆ. ಬಣ್ಣದ ಡಬ್ಬಿಗಳಲ್ಲಿ ಸೀಸವಿರಬಹುದು, ಪೀಪಾಯಿಗಳಲ್ಲಿ ಯಾವ ರಾಸಾಯನಿಕವಾದರೂ ಇರಬಹುದು. ಬ್ಯಾಕ್ಟೀರಿಯಾಗಳು ಎಣ್ಣೆಯನ್ನು ತಿಂದಾವು, ಲೋಹವನ್ನು ತಿನ್ನಲಾರವು. ಲೋಹವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಮಾರ್ಪಡಿಸಬಹುದು, ಕದಲದಂತೆ ಕಟ್ಟಬಹುದು, ಅಗೆದು ಬೇರೆಡೆಗೆ ಒಯ್ಯಬಹುದು, ಇಲ್ಲವಾಗಿಸಲು ಬಾರದು. ಆದುದರಿಂದ ಎಣ್ಣೆಗೆಂದು ಗೊತ್ತುಮಾಡಿದ ಚಿಕಿತ್ಸೆಯನ್ನು ಬೆರಕೆಯ ನೆಲಕ್ಕೆ ಕಣ್ಣುಮುಚ್ಚಿ ಮಾಡುವಂತಿಲ್ಲ.

ಧಾರಾವಿಯವರು ಬಾವಿಯ ನೀರನ್ನು ನೆಚ್ಚಿದವರಲ್ಲ, ನಗರಪಾಲಿಕೆಯ ನಲ್ಲಿಯ ನೀರನ್ನು ಕುಡಿಯುವವರು. ಹಾಗಿದ್ದಮೇಲೆ ಅಂತರ್ಜಲವು ಕೆಟ್ಟರೇನು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಉತ್ತರವು ನಲ್ಲಿಯ ಕೊಳವೆಯಲ್ಲಿಯೇ ಇದೆ. ಮುಂಬಯಿಯಲ್ಲಿ ನೀರು ದಿನದ ಕೆಲವು ಗಂಟೆಗಳು ಮಾತ್ರ ಬರುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡವು ಬೀಳುತ್ತದೆ; ಕೀಲು ಸಡಿಲವಾದಲ್ಲಿ ಹೊರಗಿನ ನೀರು ಒಳಗೆ ನುಗ್ಗುತ್ತದೆ. ಇದು ಕೇವಲ ಊಹೆಯಲ್ಲ. ಹುಬ್ಬಳ್ಳಿ ಧಾರವಾಡಗಳಲ್ಲಿ ದಿನವಿಡೀ ನೀರು ಬರುವ ವಾರ್ಡುಗಳನ್ನೂ ಬಿಟ್ಟುಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಎರಡನೆಯ ಬಗೆಯ ವಾರ್ಡುಗಳ ನೀರಿನಲ್ಲಿ ಕಲ್ಮಷದ ಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚು ಬಾರಿ ಕಾಣುತ್ತವೆಂದು ತೋರಿಸಿತು. ಬ್ಯಾಕ್ಟೀರಿಯಾ ನುಗ್ಗುವ ದಾರಿಯಲ್ಲಿ ಬೆಂಜೀನೂ ನುಗ್ಗಬಲ್ಲುದು. ಮೇಲಾಗಿ, ಪಾಲಿಥೀನ್ ಕೊಳವೆಗಳ ಗೋಡೆಯ ಮೂಲಕವೇ ಪೆಟ್ರೋಲಿನ ಲಘುದ್ರವ್ಯಗಳು ಒಳಗಿನ ನೀರಿಗೆ ಇಳಿಯುತ್ತವೆಂಬುದು ಕೊಳವೆಯ ಶಾಸ್ತ್ರ ಬಲ್ಲವರಿಗೆ ತಿಳಿದ ವಿಷಯ. ಕೆಟ್ಟ ನೆಲದಲ್ಲಿ ಹೊಸ ಪ್ಲಾಸ್ಟಿಕ್ ಕೊಳವೆಯನ್ನು ಹೂಳುವುದು ಹಳೆಯ ರೋಗಕ್ಕೆ ಹೊಸ ಬಾಗಿಲನ್ನು ತೆರೆದಂತೆ.

ಅಗೆತದಿಂದ ಉಂಟಾಗುವ ಅಪಾಯಗಳು

ಕಟ್ಟಡದ ಕೆಲಸವು ಆರಂಭವಾದಾಗ ಇನ್ನೆರಡು ಸಂಗತಿಗಳು ನಡೆಯುತ್ತವೆ. ಅಡಿಪಾಯದ ಗುಂಡಿಗೆ ಬರುವ ನೀರನ್ನು ಪಂಪಿನಿಂದ ಹೊರಗೆ ಎತ್ತುತ್ತಾರೆ. ಆಗ ಸುತ್ತಣ ಅಂತರ್ಜಲವು ಗುಂಡಿಯ ಕಡೆಗೆ ಸೆಳೆಯಲ್ಪಟ್ಟು, ಶತಮಾನದ ಕಲ್ಮಷವು ತನ್ನ ಸ್ಥಳವನ್ನು ಬಿಟ್ಟು ಹೊರಡುತ್ತದೆ. ಎತ್ತಿದ ನೀರನ್ನು ಪರೀಕ್ಷಿಸದೆ ಕಾಲುವೆಗೆ ಬಿಟ್ಟರೆ ಅದು ಮೀಠೀ ನದಿಗೂ ಮಾಹಿಮ್ ಖಾರಿಗೂ ಹೋಗುತ್ತದೆ. ಎರಡನೆಯದಾಗಿ, ಅಗೆದ ಮಣ್ಣನ್ನು ಲಾರಿಗಳಲ್ಲಿ ತುಂಬಿ ತಗ್ಗಾದ ನೆಲವನ್ನು ತುಂಬಲು ಒಯ್ಯುತ್ತಾರೆ. ಧಾರಾವಿಯು ಒಮ್ಮೆ ಬೇರೆಯವರ ಕಸದಿಂದ ನೆಲವಾಯಿತು. ಇನ್ನು ಧಾರಾವಿಯ ಮಣ್ಣಿನಿಂದ ಮತ್ತೊಂದು ಊರಿನ ನೆಲವಾಗಬಹುದು.

ನೆಲವನ್ನು ಮುಚ್ಚುವುದಕ್ಕೂ ಶುದ್ಧಗೊಳಿಸುವುದಕ್ಕೂ ಇರುವ ಅಂತರವನ್ನು ಧಾರಾವಿಯ ಮಗ್ಗುಲಿನಲ್ಲಿಯೇ ಕಾಣಬಹುದು. ಮೀಠೀ ನದಿಯ ದಡದ ಮಹಾರಾಷ್ಟ್ರ ನಿಸರ್ಗ ಉದ್ಯಾನವು ಒಂದು ಕಾಲಕ್ಕೆ ನಗರದ ಕಸ ಸುರಿಯುವ ಸ್ಥಳವಾಗಿತ್ತು. ಆ 37 ಎಕರೆಯ ಮೇಲೆ ಮಣ್ಣು ಹೊದಿಸಿ, ಗಿಡ ನೆಟ್ಟು, 1994ರಲ್ಲಿ ಸಾರ್ವಜನಿಕರಿಗೆ ತೆರೆದರು. ಮರಗಳೂ ಹಕ್ಕಿಗಳೂ ಬಂದುವು. ಅದೊಂದು ಶ್ಲಾಘ್ಯವಾದ ಕಾರ್ಯವೇ ಸರಿ. ಹೊದಿಸಿದ ನೆಲದ ಮೇಲೆ ಮರ ಬೆಳೆಸಬಹುದು. ಆದರೆ ಅದರೊಳಗೆ ಅಡಿಪಾಯ ತೋಡಿ ಮನುಷ್ಯರನ್ನು ಮಲಗಿಸುವುದಕ್ಕೆ ಹೊದಿಕೆಯೊಂದೇ ಸಾಲದು. ಈ ಮಾತು ದೇವನಾರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. 1927ರಿಂದ ಮುಂಬಯಿಯ ಕಸವನ್ನು ಹೊರುತ್ತಿರುವ ಆ ಸ್ಥಳದ 124 ಎಕರೆಯನ್ನು ಧಾರಾವಿಯ ಕೆಲವರ ಪುನರ್ವಸತಿಗಾಗಿ ಕೊಡಲು 2024ರಲ್ಲಿ ಸರಕಾರವು ನಿರ್ಧರಿಸಿತು.

ಕಾನೂನು ಏನೆನ್ನುತ್ತದೆ

ಕಲುಷಿತ ಸ್ಥಳಗಳನ್ನು ಕುರಿತ ನಿಯಮಗಳನ್ನು ಕೇಂದ್ರ ಸರಕಾರವು 2025ರ ಜುಲೈ ತಿಂಗಳಿನಲ್ಲಿ ಹೊರಡಿಸಿತು. ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ಸಂಶಯಾಸ್ಪದ ಸ್ಥಳಗಳ ವರದಿ ಕೊಡಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿನಗಳೊಳಗೆ ಪ್ರಾಥಮಿಕ ಪರೀಕ್ಷೆ ನಡೆಸಬೇಕು. ಮಾಲಿನ್ಯಕ್ಕೆ ಕಾರಣರಾದವರು ವೆಚ್ಚವನ್ನು ತೆರಬೇಕು. ಅವರು ಸಿಗದಿದ್ದಲ್ಲಿ ಸರಕಾರಗಳೇ ಹೊರಬೇಕು. ಇದು ಸ್ವಾಗತಾರ್ಹ. ಈ ನಿಯಮಗಳು ಬಂದ ವೇಳೆಗೆ ದೇಶದಲ್ಲಿ ಗುರುತಿಸಲಾಗಿದ್ದ 103 ಸ್ಥಳಗಳ ಪೈಕಿ 7ರಲ್ಲಿ ಮಾತ್ರ ಶುದ್ಧೀಕರಣವು ಆರಂಭವಾಗಿತ್ತೆಂಬುದನ್ನು ನೆನೆದರೆ ಅವುಗಳ ಅಗತ್ಯವು ಮನದಟ್ಟಾಗುತ್ತದೆ. ಗಣಿಗಾರಿಕೆ, ಸಮುದ್ರದ ತೈಲಮಾಲಿನ್ಯ ಮತ್ತು ಕಸದ ರಾಶಿಗಳು ಬೇರೆ ನಿಯಮಗಳಿಗೆ ಒಳಪಟ್ಟುವೆಂದು ಇವುಗಳಿಂದ ಹೊರಗಿರಿಸಲ್ಪಟ್ಟಿವೆ. ಹೀಗಾಗಿ ದೇವನಾರಿನಂಥ ಕಸದ ನೆಲವನ್ನು ಒಂದು ಕಾನೂನಿನ ಕನ್ನಡಿಯಲ್ಲಿಯೂ, ಧಾರಾವಿಯ ನೆಲವನ್ನು ಇನ್ನೊಂದರಲ್ಲಿಯೂ ನೋಡಬೇಕಾಗುತ್ತದೆ. ಅಲ್ಲಿಂದ ಇಲ್ಲಿಗೆ ಹೋಗುವ ಕುಟುಂಬವಾದರೋ ಒಂದೇ.

ನೆನಪೆಂಬ ಮೊದಲ ಉಪಕರಣ

ಯಾವ ದೇಶದಲ್ಲಿಯೇ ಆಗಲಿ, ಕೆಟ್ಟ ನೆಲದ ಪರೀಕ್ಷೆಯು ಮಣ್ಣಿನ ಮಾದರಿಯಿಂದ ಆರಂಭವಾಗುವುದಿಲ್ಲ. ಆ ಸ್ಥಳದ ಚರಿತ್ರೆಯಿಂದ ಆರಂಭವಾಗುತ್ತದೆ. ಇಲ್ಲಿ ಯಾವ ಕೆಲಸ ನಡೆಯುತ್ತಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ, ತೊಳೆದ ನೀರು ಎತ್ತ ಹೋಗುತ್ತಿತ್ತು, ಹಳ್ಳವನ್ನು ಯಾವುದರಿಂದ ತುಂಬಿದರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಎಲ್ಲಿ ಕೊಳವೆಯನ್ನು ಇಳಿಸಬೇಕು, ಮಾದರಿಯಲ್ಲಿ ಏನನ್ನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ. ಕ್ರೋಮಿಯಂ ಹುಡುಕಬೇಕೆಂದು ತಿಳಿಯದ ಪ್ರಯೋಗಶಾಲೆಯು ಕ್ರೋಮಿಯಂ ಕಾಣದು. ಕೊಳವೆ ಒಡೆದಲ್ಲಿ ಈ ಚರಿತ್ರೆಯು ಸಂಸ್ಥೆಯ ಕಡತದಲ್ಲಿರುತ್ತದೆ. ಧಾರಾವಿಯಲ್ಲಿ ಅಂಥ ಕಡತವಿಲ್ಲ. ಅದು ಅಲ್ಲಿ ದುಡಿದವರ ನೆನಪಿನಲ್ಲಿದೆ. ಈ ಗೋಡೆಯ ಹಿಂದೆ ಚರ್ಮದ ತೊಟ್ಟಿಯಿತ್ತು, ಆ ಮೂಲೆಯಲ್ಲಿ ಪೀಪಾಯಿ ಸುಡುತ್ತಿದ್ದರು ಎಂದು ಹೇಳಬಲ್ಲವರು ಅಲ್ಲಿನ ಹಿರಿಯರು. ಯೋಜನೆಯ ಸರ್ವೇಕ್ಷಣವು ಯಾರು ಎಲ್ಲಿ ಎಷ್ಟು ವರ್ಷದಿಂದ ಇದ್ದಾರೆಂಬುದನ್ನು ಅರ್ಹತೆಯ ಸಲುವಾಗಿ ಕೇಳುತ್ತದೆ. ಅದೇ ಬಾಗಿಲಲ್ಲಿ ನಿಂತು ಇನ್ನೆರಡು ಪ್ರಶ್ನೆಗಳನ್ನು ನೆಲದ ಸಲುವಾಗಿ ಕೇಳಿದರೆ ತಗಲುವ ಖರ್ಚು ಅತ್ಯಲ್ಪ. ಜನರು ಚದುರಿಹೋದ ಮೇಲೆ ಎಷ್ಟು ಖರ್ಚು ಮಾಡಿದರೂ ಆ ಉತ್ತರವು ದೊರೆಯದು.

ಇದರಿಂದ ಕೇಳಬೇಕಾದ ಬೇಡಿಕೆಗಳು ಸ್ಪಷ್ಟವಾಗುತ್ತವೆ. ಅಗೆಯುವುದಕ್ಕೆ ಮುನ್ನ ಮಣ್ಣು, ನೀರು, ಆವಿಗಳ ಪರೀಕ್ಷೆಯಾಗಿ ಅದರ ಫಲಿತಾಂಶವು ಅಲ್ಲಿನ ಜನರ ಭಾಷೆಗಳಲ್ಲಿ ಪ್ರಕಟವಾಗಬೇಕು. ಗುಂಡಿಯಿಂದ ಎತ್ತಿದ ನೀರು ಪರೀಕ್ಷೆಯಾಗದೆ ಕಾಲುವೆಗೆ ಹೋಗಬಾರದು. ಹೊರಗೆ ಹೋಗುವ ಮಣ್ಣಿಗೆ ಎಲ್ಲಿಂದ ಹೊರಟು ಎಲ್ಲಿ ಸೇರಿತೆಂಬ ಲೆಕ್ಕವಿರಬೇಕು. ಕುಡಿಯುವ ನೀರಿನ ಹೊಸ ಕೊಳವೆಗಳನ್ನು ನೆಲದ ಗುಣವನ್ನು ನೋಡಿ ಆರಿಸಬೇಕು. ದೇವನಾರಿಗೂ ಈ ಕ್ರಮವೇ ಇರಬೇಕು.

ನಮ್ಮಲ್ಲಿ ಅನೇಕರಿಗೆ ಊರಿನ ಮನೆಯ ಬಾವಿಯ ನೆನಪಿದೆ. ಮುರಕಲ್ಲಿನ ನೆಲದ ಕರಾವಳಿಯಲ್ಲಿ ಬಾವಿಯೇ ಮನೆಯ ಪ್ರಾಣ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 360 ಕಿಲೋಮೀಟರು ಉದ್ದದ ಇಂಧನದ ಕೊಳವೆ, ಮುಂಬಯಿಯಿಂದ ಪುಣೆಯ ಮೂಲಕ ಸೊಲ್ಲಾಪುರಕ್ಕೆ ಸುಮಾರು 500 ಕಿಲೋಮೀಟರಿನ ಇನ್ನೊಂದು ಕೊಳವೆ ಇವು ಕನ್ನಡಿಗರ ತೋಟ ಹೊಲಗಳ ಅಡಿಯಲ್ಲಿಯೂ ಹಾದುಹೋಗುತ್ತವೆ. ಸಂದುಗಳು ತುಂಬಿದ ಮುರಕಲ್ಲಿನಲ್ಲಿ ಚೆಲ್ಲಿದ ಎಣ್ಣೆಯು ಜೇಡಿಯಲ್ಲಿರುವುದಕ್ಕಿಂತ ಬಹು ಬೇಗ ಬಾವಿಯನ್ನು ಮುಟ್ಟುತ್ತದೆ. ಆದುದರಿಂದ ಧಾರಾವಿಯಲ್ಲಿ ಕಲಿತ ಪಾಠವು ಊರಿಗೂ ಉಪಯೋಗಕ್ಕೆ ಬಂದೀತು.

ನಮ್ಮಂಥ ಸಂಘಗಳು ಮಣ್ಣನ್ನು ತೊಳೆಯಲಾರವು. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಹುಡುಕಿ ಬರೆದಿಡುವ ಅಭ್ಯಾಸವಾದರೋ ನಮಗೆ ಇದೆ. ಧಾರಾವಿಯ ಕನ್ನಡ ಮನೆಗಳಿಗೆ ಹೋಗಿ, ಅಲ್ಲಿನ ಹಿರಿಯರು ತಮ್ಮ ಓಣಿಯ ನೆಲವನ್ನು ಕುರಿತು ಬಲ್ಲುದನ್ನು, ಓಣಿಯ ಹೆಸರು ಮತ್ತು ವರ್ಷದ ಸಮೇತ ಬರೆದಿಟ್ಟುಕೊಳ್ಳುವುದು ಸಂಶೋಧನೆಯೆಂಬ ಹೆಸರಿಗೆ ತಕ್ಕ ಕೆಲಸವೇ ಆಗಿದೆ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಕೆಲವು ಭಾನುವಾರಗಳು. ಗುದ್ದಲಿ ಬೀಳುವುದಕ್ಕೆ ಮೊದಲು ಅದು ಆಗಬೇಕು.